ಕಂದು ಬಣ್ಣ ಹಿಡಿಯದ ತುಣುಕು

ಮಲ್ಲಿಪಟ್ಟಣ, ಅರಕಲಗೂಡು ತಾಲ್ಲೂಕು
೮ ಜುಲೈ ೨೦೨೪

ಡಾಕ್ಟರ್ ಜಿನಶ್ರೀ ಅವರಿಗೆ,

ನೀವು ಕೊಟ್ಟ ಮಾತುಗಳು ಇವು. ಆಪರೇಷನ್ನಿನಲ್ಲಿ ತೆಗೆದ ಗಡ್ಡೆಯ ಒಂದು ತುಣುಕನ್ನು ಪರೀಕ್ಷೆಗೆ ಇಟ್ಟುಕೊಳ್ಳುತ್ತೇವೆ, ಅದರಲ್ಲಿ ಏನು ಕಂಡಿತೋ ಹೇಳುತ್ತೇವೆ ಅಂದಿರಿ. ಕನ್ನಡದಲ್ಲಿ ಹೇಳುತ್ತೇವೆ ಅಂದಿರಿ. ನಾವೇ ಹಾಸನಕ್ಕೆ ಬಂದು ಮುಖ ನೋಡಿ ಹೇಳುತ್ತೇವೆ ಅಂದಿರಿ. ಒಪ್ಪಿಗೆ ಕೊಟ್ಟು ಸಹಿ ಹಾಕಿದ ಕಾಗದದ ಒಂದು ಪ್ರತಿ ನಿಮಗೂ ಸಿಗುತ್ತದೆ ಅಂದಿರಿ.

ನಮಗೆ ಸಿಕ್ಕಿದ್ದು ನಿಮ್ಮ ಕಚೇರಿಯ ಒಂದು ಇಂಗ್ಲಿಷ್ ಕಾಗದ. ಅದರ ಸಾರ: ಫಲಿತಾಂಶ ಸಂಶೋಧನೆಗೆ ಮಾತ್ರ, ವ್ಯಕ್ತಿಗಳಿಗೆ ತಿಳಿಸುವುದಿಲ್ಲ. ಪ್ರತಿ ಬರಲಿಲ್ಲ. ಕನ್ನಡ ಬರಲಿಲ್ಲ. ಹಾಸನಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ.

ನಾನು ಪುಟ್ಟರಾಜು. ಪ್ಯಾಂಕ್ರಿಯಾಸ್ ಕ್ಯಾನ್ಸರಿಗೆ ನಿಮ್ಮ ಮೈಸೂರಿನ ಸಂಸ್ಥೆಯಲ್ಲಿ ಆಪರೇಷನ್ ಮಾಡಿಸಿಕೊಂಡು ತುಣುಕು ಕೊಟ್ಟವರು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಇದ್ದಾರೆ. ಬದುಕಿರುವವರೂ, ಸತ್ತವರ ಮನೆಯವರೂ ಸೇರಿ ಸಮಿತಿ ಮಾಡಿಕೊಂಡಿದ್ದೇವೆ. ನಾನು ಸಂಚಾಲಕ. ನನ್ನಕ್ಕ ಚಿಕ್ಕಲಕ್ಷ್ಮಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದವಳು; ಫೆಬ್ರವರಿಯಲ್ಲಿ ತುಣುಕು ಕೊಟ್ಟಳು. ಈಗ ಹಾಸನದಲ್ಲಿ ಕೀಮೋ ಸೂಜಿ ತೆಗೆದುಕೊಳ್ಳುತ್ತಿದ್ದಾಳೆ. ಸೂಜಿ ಆದ ಮೂರು ದಿನ ಅವಳಿಗೆ ನೀರೂ ಕಬ್ಬಿಣದ ರುಚಿ. "ಇಷ್ಟೆಲ್ಲಾ ಅನುಬವ್ಸೋಳ್ಗೆ ಒಳಗೇನೈತೆ ಅಂತಾದ್ರೂ ಏಳ್ಬಾರ್ದಾ?" ಅಂತ ಕೇಳುತ್ತಾಳೆ. ನನ್ನ ಹತ್ತಿರ ಉತ್ತರ ಇಲ್ಲ. ನಿಮ್ಮ ಹತ್ತಿರ ಇದೆ, ಕೊಡುತ್ತಿಲ್ಲ.

ಮಾಂಸ ನಮ್ಮದು. ಅದು ಆಡಿದ ಮಾತು ನಿಮ್ಮದು ಹೇಗಾಯಿತು?

ಕಚೇರಿಗಳಿಂದ ಬಂದ ಕಾಗದವನ್ನು ನಮ್ಮಲ್ಲಿ ಯಾರೂ ಒಂಟಿಯಾಗಿ ಒಡೆಯುವುದಿಲ್ಲ. ಸಭೆಯಲ್ಲಿ ಒಡೆದು, ಎಲ್ಲರಿಗೂ ಕೇಳುವಂತೆ, ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುತ್ತೇವೆ. ನಮ್ಮಪ್ಪನಿಗೆ ಪಟೇಲರ ಜಗಲಿಯಲ್ಲಿ ಕಂದಾಯದ ರಸೀದಿ ಅಂತ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಅದು ಕ್ರಯಪತ್ರ. ಹೊಲ ಹೋಯಿತು. ರೈತ ಚಳವಳಿಗೆ ಬಂದ ಮೊದಲ ದಿನ ನಾವು ಮಾಡಿಕೊಂಡ ನಿಯಮ ಇದು. ಈವರೆಗೆ ಮುರಿದಿಲ್ಲ. ಫೋನಿನಲ್ಲೂ ವ್ಯವಹರಿಸುವುದಿಲ್ಲ, ಫೋನಿನ ಮಾತಿಗೆ ಸಹಿ ಇರುವುದಿಲ್ಲ. ಬರೆದು ಉತ್ತರಿಸಿ.

ಪುಟ್ಟರಾಜು
ಸಂಚಾಲಕ, ತುಣುಕು ಕೊಟ್ಟವರ ಸಮಿತಿ

*

ಮೈಸೂರು
೧೯ ಜುಲೈ ೨೦೨೪

ಪುಟ್ಟರಾಜು ಅವರಿಗೆ,

ನಿಮ್ಮ ಪತ್ರ ತಲುಪಿತು. ಮಾತು ಕೊಟ್ಟವರು ನಮ್ಮ ಹಿಂದಿನ ಸಮಾಜ ಕಾರ್ಯಕರ್ತ ಅನಿಲ್‌ಕುಮಾರ್. ಅವರು ಈಗ ಇಲ್ಲಿಲ್ಲ. ಹಾಗಂತ ಮಾತು ಅವರೊಂದಿಗೇ ಹೋಯಿತು ಎಂದು ನಾನು ಹೇಳುವುದಿಲ್ಲ. ಸಹಿ ಹಾಕಿದ ಕಾಗದದ ಪ್ರತಿಗಳನ್ನೂ ಅವುಗಳ ಕನ್ನಡ ಅನುವಾದವನ್ನೂ ಇದರೊಂದಿಗೆ ಇಟ್ಟಿದ್ದೇನೆ.

ನಾವು ನೋಡುತ್ತಿರುವುದು ಏನು ಎಂದು ಹೇಳುತ್ತೇನೆ. ಪ್ರತಿ ಜೀವಕೋಶದಲ್ಲೂ ಅದು ಮಿತಿಮೀರಿ ಬೆಳೆಯದಂತೆ ಹಿಡಿದಿಡುವ ಜೀನ್‌ಗಳಿವೆ. ಗಾಡಿಯ ಬ್ರೇಕ್ ಇದ್ದ ಹಾಗೆ. ಪ್ಯಾಂಕ್ರಿಯಾಸ್ ಕ್ಯಾನ್ಸರಿನಲ್ಲಿ ಇಂಥ ಕೆಲವು ಬ್ರೇಕ್‌ಗಳು ಕೆಟ್ಟಿರುತ್ತವೆ. ಅವುಗಳಲ್ಲೊಂದರ ಹೆಸರು ಸ್ಮ್ಯಾಡ್-ಫೋರ್. ತುಣುಕನ್ನು ಈರುಳ್ಳಿ ಸಿಪ್ಪೆಗಿಂತ ತೆಳುವಾಗಿ ಕೊಯ್ದು ಗಾಜಿನ ಮೇಲೆ ಕೂರಿಸಿ ಬಣ್ಣ ಹಾಕುತ್ತೇವೆ. ಆ ಜೀನ್ ಕೆಲಸ ಮಾಡುತ್ತಿದ್ದರೆ ಕೋಶ ಕಂದು ಬಣ್ಣ ಹಿಡಿಯುತ್ತದೆ. ಕೆಟ್ಟಿದ್ದರೆ ಹಿಡಿಯುವುದಿಲ್ಲ.

ಬಣ್ಣ ಹಿಡಿಯದವರಲ್ಲಿ ಕಾಯಿಲೆ ಬೇಗ ಬೇರೆ ಅಂಗಗಳಿಗೆ ಹರಡುತ್ತದೆ ಎಂದು ಕೆಲವು ಅಧ್ಯಯನಗಳು ಹೇಳಿವೆ. ಹಾಗೇನೂ ಕಾಣಲಿಲ್ಲ ಎಂದು ಬೇರೆ ಕೆಲವು ಹೇಳಿವೆ. ನಮ್ಮದು ಇನ್ನೂ ಮುಗಿದಿಲ್ಲ. ನೂರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಒಲವು ಇದು. ಇದು ಊರಿನ ಲೆಕ್ಕ, ಒಂದು ಮನೆಯ ಲೆಕ್ಕ ಅಲ್ಲ. ಇದನ್ನು ಒಬ್ಬರ ಕೈಗೆ ಕೊಟ್ಟರೆ ಅವರು ತೀರ್ಪು ಎಂದು ಓದುತ್ತಾರೆ. ಅದಕ್ಕೇ ಕೊಡುವುದಿಲ್ಲ.

ನಿಮ್ಮಕ್ಕನವರಿಗೆ ಹೇಳಬೇಕಾದ್ದು ಒಂದೇ: ಸೂಜಿ ತಪ್ಪಿಸಬೇಡಿ. ಇಷ್ಟು ಸಾಲದೇ?

ಜಿನಶ್ರೀ

*

ಮಲ್ಲಿಪಟ್ಟಣ
೨೯ ಜುಲೈ ೨೦೨೪

ಡಾಕ್ಟರ್ ಜಿನಶ್ರೀ ಅವರಿಗೆ,

ಸಾಲದು.

ನಿಮ್ಮ ಕಾಗದವನ್ನು ನಿನ್ನೆ ಅರಕಲಗೂಡಿನ ಸಭೆಯಲ್ಲಿ ಓದಿದೆ. ಬ್ರೇಕಿನ ಮಾತು ಎಲ್ಲರಿಗೂ ತಿಳಿಯಿತು. ಬಾಗೂರಿನ ಚಂದ್ರಮೌಳಿ ಲಾರಿ ಓಡಿಸುತ್ತಿದ್ದವನು, ತುಣುಕು ಕೊಟ್ಟವನು. ಎದ್ದು ನಿಂತು, "ಬ್ರೇಕ್ ಐತೋ ಇಲ್ವೋ ಅಂತ ಡ್ರೈವರ್‌ಗೆ ಏಳ್ದೆ ಗಾಡಿ ಕೊಡ್ತಾರಾ ಸಾ?" ಅಂದ. ಇದಕ್ಕೆ ಉತ್ತರ ಕೊಡಿ.

"ತೀರ್ಪು ಎಂದು ಓದುತ್ತಾರೆ" ಅಂತ ಬರೆದಿದ್ದೀರಿ. ನಾವು ಏನನ್ನು ಹೇಗೆ ಓದುತ್ತೇವೆ ಅಂತ ನಿಮಗೆ ಯಾರು ಹೇಳಿದರು? ಪಟೇಲರೂ ಇದನ್ನೇ ಹೇಳುತ್ತಿದ್ದರು: ನಿಂಗೆ ಅರ್ಥ ಆಗಲ್ಲ, ನಾನು ಓದಿದ್ದೇನೆ, ಒತ್ತು ಹೆಬ್ಬೆಟ್ಟು. ಅವರದು ಮೋಸ, ನಿಮ್ಮದು ಕರುಣೆ. ಹೆಬ್ಬೆಟ್ಟಿನ ಕಡೆಯಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ನಾವು ಏನು ತಡೆದುಕೊಳ್ಳಬಲ್ಲೆವು ಅನ್ನುವುದನ್ನು ನೀವು ತೀರ್ಮಾನಿಸಬೇಡಿ. ತಡೆದುಕೊಳ್ಳುವವರು ನಾವು.

ನೀವು ಚನ್ನರಾಯಪಟ್ಟಣದ ಪಾತ್ರೆ ಅಂಗಡಿ ಪದ್ಮರಾಜಯ್ಯನವರ ಮಗಳು ಅಂತ ಚಂದ್ರಮೌಳಿ ಹೇಳಿದ. ಆ ಅಂಗಡಿ ನನಗೆ ಗೊತ್ತು. ಹಳೇ ಹಿತ್ತಾಳೆ ಮಾರಲು ಹೋದರೆ ನಿಮ್ಮಪ್ಪ ತಕ್ಕಡಿಯ ಮುಳ್ಳನ್ನು ಗಿರಾಕಿಯ ಕಡೆ ತಿರುಗಿಸಿ ತೂಗುತ್ತಿದ್ದರು. "ನೀನೇ ನೋಡ್ಕಳಪ್ಪ" ಅನ್ನುತ್ತಿದ್ದರು. ನೀವು ಮುಳ್ಳನ್ನು ನಿಮ್ಮ ಕಡೆ ತಿರುಗಿಸಿಕೊಂಡು ಕೂತಿದ್ದೀರಿ.

ಅಕ್ಕನ ಅರ್ಜಿ ಇದರೊಂದಿಗಿದೆ. ಅವಳಿಗೆ ಓದಲು ಬರುವುದಿಲ್ಲ. ಸಹಿ ಮಾಡಲು ಬಿಸಿಯೂಟದವರ ಸಂಘದಲ್ಲಿ ಕಲಿತಳು. ಮೊದಲು ಅವಳದ್ದು ಹೇಳಿ. ಆಮೇಲೆ ಕೇಳಿದವರಿಗೆಲ್ಲ ಹೇಳಿ. ಇಲ್ಲವಾದರೆ ಸೆಪ್ಟೆಂಬರಿನಲ್ಲಿ ನಿಮ್ಮ ಗೇಟಿನ ಮುಂದೆ ಧರಣಿ ಕೂತು ಒಲೆ ಹೂಡುತ್ತೇವೆ. ಅಡುಗೆಗೆ ಜನ ಇದ್ದಾರೆ.

ಪುಟ್ಟರಾಜು

*

ಮೈಸೂರು
೧೬ ಆಗಸ್ಟ್ ೨೦೨೪

ಪುಟ್ಟರಾಜು ಅವರಿಗೆ,

ಈ ಪತ್ರ ನಿಮಗೂ ನಿಮ್ಮಕ್ಕನವರಿಗೂ ಮಾತ್ರ.

ತಕ್ಕಡಿಯ ಮಾತನ್ನು ಅಪ್ಪನಿಗೆ ಫೋನಿನಲ್ಲಿ ಓದಿ ಹೇಳಿದೆ. "ಅವನು ಕೇಳಿದ್ದು ಸರಿಯಾಗೇ ಇದೆಯಲ್ಲಮ್ಮ" ಅಂದರು. ಸಂಶೋಧನೆಗಳ ಮೇಲೆ ಕಣ್ಣಿಡುವ ನಮ್ಮ ಸಂಸ್ಥೆಯ ನೈತಿಕ ಸಮಿತಿಯ ಮುಂದೆ ವಿಷಯ ಇಟ್ಟೆ. ಕೇಳಿದವರಿಗೆ ಅವರವರ ಫಲಿತಾಂಶ ಹೇಳಬಹುದು, ಆದರೆ ಮುಖತಃ ಹೇಳಬೇಕು ಎಂದು ಒಪ್ಪಿದ್ದಾರೆ. ನನಗೆ ನವೆಂಬರ್‌ವರೆಗೆ ಹಾಸನಕ್ಕೆ ಬರಲು ಬಿಡುವಿಲ್ಲ. ಅಲ್ಲಿಯವರೆಗೆ ಕಾಯಿಸಿದರೆ ಮತ್ತೆ ಮಾತು ತಪ್ಪಿದಂತಾಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ನಿಮ್ಮಕ್ಕನವರ ಗಡ್ಡೆಯ ತುಣುಕಿನಲ್ಲಿ ಸ್ಮ್ಯಾಡ್-ಫೋರ್ ಇಲ್ಲ. ಕಂದು ಬಣ್ಣ ಹಿಡಿಯಲಿಲ್ಲ.

ಇದರಿಂದ ಅವರಿಗೆ ಇಂಥದ್ದೇ ಆಗುತ್ತದೆ ಎಂದು ಹೇಳಲು ಆಗದು. ಎಚ್ಚರದಿಂದ ನೋಡಿಕೊಳ್ಳಬೇಕಾದವರು ಎಂದಷ್ಟೇ ಹೇಳಬಹುದು. ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ. ಬ್ರೇಕ್ ಇದ್ದರೂ ಇಲ್ಲದಿದ್ದರೂ ಸೂಜಿ ಪೂರ್ತಿ ಮುಗಿಸಬೇಕು. ಈ ಕೊನೆಯ ಮಾತನ್ನು ದಯವಿಟ್ಟು ಎರಡು ಸಲ ಓದಿ ಹೇಳಿ.

ಜಿನಶ್ರೀ

*

ಮಲ್ಲಿಪಟ್ಟಣ
೨ ಸೆಪ್ಟೆಂಬರ್ ೨೦೨೪

ಡಾಕ್ಟರ್ ಜಿನಶ್ರೀ ಅವರಿಗೆ,

ಕಾಗದ ಬಂತು. ೨೫ರ ಭಾನುವಾರದ ಸಭೆಯಲ್ಲಿ ಓದಲಾಯಿತು. ಅಕ್ಕ ಕೇಳಿಸಿಕೊಂಡಳು. ಗೇಟಿನ ಮುಂದೆ ಒಲೆ ಹೂಡುವ ಕಾರ್ಯಕ್ರಮವನ್ನು ಕೈಬಿಟ್ಟಿದ್ದೇವೆ. ಹೊಳೆನರಸೀಪುರದ ಈಶ್ವರಯ್ಯ, ಬಾಗೂರಿನ ಚಂದ್ರಮೌಳಿ ತಮ್ಮದನ್ನೂ ಕೇಳಿ ಅರ್ಜಿ ಕೊಡುತ್ತಾರೆ. ಅವಸರವಿಲ್ಲ.

ಈ ಕಡೆ ಮಳೆ ಜಾಸ್ತಿ. ಆಲೂಗೆಡ್ಡೆ ಕೊಳೆಯುತ್ತಿದೆ. ಹೊಗೆಸೊಪ್ಪು ಪರವಾಗಿಲ್ಲ.

ಒಂದು ಪ್ರಶ್ನೆ. ನೀವು ಹಾಕುವ ಬಣ್ಣ ಕೆಲವು ಸಲ ತಪ್ಪಾಗಿ ಹಿಡಿಯದೇ ಇರುವುದು ಉಂಟೇ? ಬಣ್ಣ ಹಳೆಯದಾಗಿದ್ದರೆ, ಹಾಕಿದವರು ಸರಿಯಾಗಿ ಹಾಕದಿದ್ದರೆ? ಬಿಡುವಾದಾಗ ತಿಳಿಸಿ.

ಪುಟ್ಟರಾಜು

*

ಮೈಸೂರು
೨೩ ಸೆಪ್ಟೆಂಬರ್ ೨೦೨೪

ಪುಟ್ಟರಾಜು ಅವರಿಗೆ,

ಮೊದಲು ಪ್ರಶ್ನೆಗೆ ಉತ್ತರ. ಬಣ್ಣ ಕೈಕೊಡುವುದುಂಟು. ಆದರೆ ಅದೇ ಗಾಜಿನ ಮೇಲೆ ಗಡ್ಡೆಯ ಪಕ್ಕದಲ್ಲೇ ಆರೋಗ್ಯವಾಗಿರುವ ಕೋಶಗಳೂ ಇರುತ್ತವೆ. ಬಣ್ಣ ಕೆಟ್ಟಿದ್ದರೆ ಅವೂ ಹಿಡಿಯುವುದಿಲ್ಲ. ನಿಮ್ಮಕ್ಕನವರ ಗಾಜಿನಲ್ಲಿ ಆ ಕೋಶಗಳೆಲ್ಲ ಕಂದು. ಗಡ್ಡೆ ಮಾತ್ರ ಬಣ್ಣ ಹಿಡಿದಿಲ್ಲ. ಇನ್ನೊಬ್ಬರಿಂದಲೂ ನೋಡಿಸಿದೆ. ತಪ್ಪಿಲ್ಲ.

ಈಗ ನನ್ನ ಪ್ರಶ್ನೆ. ತುಣುಕು ಕೊಟ್ಟವರೆಲ್ಲ ಹೇಗಿದ್ದಾರೆ ಎಂದು ನಾವು ಆಗಾಗ ವಿಚಾರಿಸುತ್ತೇವೆ. ಅಧ್ಯಯನಕ್ಕೆ ಅದು ಬೇಕು. ಹಾಸನದ ಕೀಮೋ ವಾರ್ಡಿನ ನರ್ಸ್ ಮಾನ್ಯ ಹೇಳುತ್ತಾರೆ, ಚಿಕ್ಕಲಕ್ಷ್ಮಮ್ಮ ಆಗಸ್ಟ್ ಕೊನೆಯಿಂದ ಬಂದೇ ಇಲ್ಲವಂತೆ. ಮಾನ್ಯ ಫೋನ್ ಮಾಡಿದ್ದಕ್ಕೆ, "ನಂಗೆ ಬ್ರೇಕ್ ಐತಂತೆ ಕಣವ್ವ, ಮೈಸೂರಿನ ಡಾಕ್ಟ್ರಮ್ಮನೇ ಬರ್ದವ್ರೆ. ಇನ್ಯಾಕ್ ಸೂಜಿ? ಆ ಸೀಟ್ನ ಬ್ಯಾರೇರ್ಗೆ ಕೊಡು" ಅಂದರಂತೆ.

ನಾನು ಹಾಗೆ ಬರೆದಿಲ್ಲ.

ನನ್ನ ಪತ್ರದಲ್ಲಿ ಏನಿತ್ತು, ಸಭೆಯಲ್ಲಿ ಏನು ಓದಿದಿರಿ? ನಾನು ಇದನ್ನು ಬರೆಯಲು ಎರಡು ದಿನ ಯೋಚಿಸಿದೆ. ಇದನ್ನೂ ನೀವು ಎಲ್ಲರ ಮುಂದೆ ಒಡೆಯುತ್ತೀರಿ ಎಂಬುದು ಈಗ ನೆನಪಿದೆ. ಆದರೂ ಬರೆದಿದ್ದೇನೆ. ಅವರ ಸೂಜಿ ನಿಂತಿದೆ.

ಜಿನಶ್ರೀ

*

ಮಲ್ಲಿಪಟ್ಟಣ
೩೦ ಸೆಪ್ಟೆಂಬರ್ ೨೦೨೪

ಡಾಕ್ಟರ್ ಜಿನಶ್ರೀ ಅವರಿಗೆ,

ನಿಮ್ಮ ಕಾಗದವನ್ನು ಸಭೆಯಲ್ಲಿ ಒಡೆಯಲಿಲ್ಲ. ಗದ್ದೆಯ ಬದುವಿನ ಮೇಲೆ ಒಬ್ಬನೇ ಕೂತು ಒಡೆದೆ. ಹೀಗೆ ಮಾಡಿದ್ದು ಇದೇ ಮೊದಲು.

ನಡೆದದ್ದು ಇದು. ಅವತ್ತು ಸಭೆ ತುಂಬಿತ್ತು. ಅಕ್ಕ ಮುಂದಿನ ಸಾಲಿನಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದಳು. ನಿಮ್ಮ ಮೊದಲ ಸಾಲು ಓದಿದೆ: ಈ ಪತ್ರ ನಿಮಗೂ ನಿಮ್ಮಕ್ಕನವರಿಗೂ ಮಾತ್ರ. ಎಲ್ಲರೂ ನಕ್ಕರು. "ಅಂಗಾರೆ ನಾವೆಲ್ಲ ಕಿವಿ ಮುಚ್ಕಳಾನಾ?" ಅಂದ ಚಂದ್ರಮೌಳಿ. ಅಕ್ಕ, "ಓದ್ಲಾ ಪುಟ್ಟ, ನಂದೇನ್ ಗುಟ್ಟು? ಒಟ್ಟೆ ಒಳಗಿಂದು ಆಪರೇಷನ್ನಲ್ಲಿ ಎಲ್ರೂ ನೋಡ್ಬುಟ್ಟವ್ರೆ" ಅಂದಳು. ಮತ್ತೆ ನಗು. ನಿಮ್ಮಪ್ಪನ ಮಾತು ಬಂದಾಗ ಚಪ್ಪಾಳೆ ಬಿತ್ತು. ನಾನೂ ಉಬ್ಬಿದ್ದೆ. ಗೆದ್ದಿದ್ದೆವಲ್ಲ.

ಆಮೇಲೆ ಆ ಸಾಲು ಬಂತು. ಇಲ್ಲ ಅಂತ ಬರೆದಿತ್ತು. ಅಕ್ಷರ ಸ್ಪಷ್ಟವಾಗಿತ್ತು, ಬೆಳಕೂ ಚೆನ್ನಾಗಿತ್ತು, ಯಾವ ನೆಪವೂ ಇಲ್ಲ. ತಲೆ ಎತ್ತಿದೆ. ಅಕ್ಕ ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ಓದು ಬಾರದು. ನನ್ನ ಬಾಯೇ ಅವಳ ಕಾಗದ. "ಇದೆ" ಅಂದೆ. ಕಂದು ಬಣ್ಣ ಹಿಡಿದಿದೆ ಅಂದೆ.

ಚಂದ್ರಮೌಳಿ ಶಿಳ್ಳೆ ಹಾಕಿದ. ಈಶ್ವರಯ್ಯ ಎದ್ದು ಬಂದು ಅಕ್ಕನ ಕೈ ಹಿಡಿದರು. ಉಳಿದ ಸಾಲುಗಳನ್ನು ಓದಿದ್ದರೆ ನನ್ನ ಸುಳ್ಳು ಅಲ್ಲೇ ಸಿಕ್ಕಿಬೀಳುತ್ತಿತ್ತು. ಕಾಗದ ಮಡಚಿ ಜೇಬಿಗಿಟ್ಟೆ. ಎರಡು ಸಲ ಓದಿ ಅಂತ ನೀವು ಕೇಳಿದ್ದ ಸೂಜಿಯ ಮಾತನ್ನು ಒಂದು ಸಲವೂ ಓದಲಿಲ್ಲ. ಬಸ್ಸಿನಲ್ಲಿ ಅಕ್ಕ ಅಂದಳು: "ಅಂಗಾರೆ ಸೂಜಿ ಸಾಕು ಕಣ್ಲಾ. ಬಾಯಿಗೆ ರುಚಿ ಬರ್ಲಿ." ಬೇಡ ಅಂದೆ, ತೆಗೆದುಕೋ ಅಂದೆ. "ಯಾಕ್ಲಾ, ಐತೆ ಅಂದ್ಯಲ್ಲ" ಅಂದಳು.

ನಿಮ್ಮ ಬಣ್ಣ ತಪ್ಪಿರಲಿ ಅಂತ ಒಂದು ತಿಂಗಳು ಕಾದೆ. ಅದಕ್ಕೇ ಆ ಪ್ರಶ್ನೆ ಕೇಳಿದ್ದು.

ನಾವು ಏನು ತಡೆದುಕೊಳ್ಳಬಲ್ಲೆವು ಅಂತ ನೀವು ತೀರ್ಮಾನಿಸಬೇಡಿ ಅಂತ ನಿಮಗೆ ಬರೆದವನು ನಾನು. ಅವಳು ಏನು ತಡೆದುಕೊಳ್ಳಬಲ್ಲಳು ಅಂತ ತೀರ್ಮಾನಿಸಿದವನೂ ನಾನೇ.

ನಿನ್ನೆ ಹೇಳಿದೆ. ಶಾಲೆಯ ಅಡುಗೆ ಮನೆಯಲ್ಲಿದ್ದಳು. ರಜೆಯ ದಿನ, ಮತ್ತೆ ಕೆಲಸಕ್ಕೆ ಸೇರುತ್ತೇನೆ ಅಂತ ಹಂಡೆಗಳನ್ನು ಉಜ್ಜಿ ಬೋರಲು ಹಾಕುತ್ತಿದ್ದಳು. ನಿಮ್ಮ ಆಗಸ್ಟಿನ, ಸೆಪ್ಟೆಂಬರಿನ ಎರಡೂ ಕಾಗದಗಳನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಅವಳು ಕೈಯ ಬೂದಿ ತೊಳೆದುಕೊಂಡಳು. ಬಯ್ಯುತ್ತಾಳೆ ಅಂದುಕೊಂಡೆ. ಮೆಲ್ಲಗೆ ಕೇಳಿದಳು:

"ಪಟೇಲನ ಜಗಲೀಲಿ ಅಪ್ಪ ಕೂತಿದ್ದ ಜಾಗದಲ್ಲೇ ನನ್ನ ಕೂರಿಸ್ದ್ಯಲ್ಲೋ?"

"ಅಕ್ಕ, ನಿನ್ ಮಕ ನೋಡಿ..."

"ನನ್ ಮಕದಲ್ಲಿ ಏನ್ ಬರ್ದಿತ್ತು? ಸುಳ್ ಓದು ಅಂತ ಬರ್ದಿತ್ತಾ? ಅವ್ನು ಒಲಕ್ಕೆ ಓದ್ದ, ನೀನು ಪ್ರೀತಿಗೆ ಓದ್ದೆ. ನಂಗ್ ಓದಕ್ ಬರಲ್ಲ ಅಂತ ಇಬ್ರಿಗೂ ಗೊತ್ತಿತ್ತು."

ಆಮೇಲೆ ನನ್ನ ಜೊತೆ ಮಾತಿಲ್ಲ. ಸೂಜಿಗೆ ಹೋಗುತ್ತಾಳೋ ಇಲ್ಲವೋ ಅದನ್ನೂ ಹೇಳಿಲ್ಲ. ಏನು ಮಾಡಲಿ?

ಪುಟ್ಟರಾಜು

*

ಮೈಸೂರು
೪ ಅಕ್ಟೋಬರ್ ೨೦೨೪

ಪುಟ್ಟರಾಜಣ್ಣ,

ನಿಮ್ಮ ನಿಯಮವನ್ನು ನೀವು ಮೊದಲ ಪತ್ರದಲ್ಲೇ ಬರೆದಿದ್ದಿರಿ. ಎರಡನೆಯದರಲ್ಲಿ, ಸಭೆಯಲ್ಲಿ ಓದಿದೆ ಎಂದೂ ಬರೆದಿದ್ದಿರಿ. ನಾನು ಅದನ್ನು ಘೋಷಣೆ ಎಂದುಕೊಂಡೆ. ನಿಜವಾಗಿ ನಡೆಯುವ ಪದ್ಧತಿ ಎಂದುಕೊಳ್ಳಲಿಲ್ಲ. ಮುಖತಃ ಹೇಳಬೇಕು ಎಂಬ ಷರತ್ತು ಇದ್ದದ್ದೂ ಇಂಥದ್ದಕ್ಕೇ. ಅದನ್ನು ದಾಟಿ ಅಂಚೆಗೆ ಹಾಕಿದವಳು ನಾನು. ನಾನೇ ಎದುರು ಕೂತು ಹೇಳಬೇಕಾದ ಮಾತನ್ನು ತಮ್ಮನ ಬಾಯಿಗೆ ಇಟ್ಟೆ. ನೀವು ಎಡವಿದ ಜಾಗದಲ್ಲಿ ನಿಲ್ಲಬೇಕಾಗಿದ್ದವಳು ನಾನು.

ಈಗ ಆಗಬೇಕಾದ್ದು. ಸೂಜಿಯ ವಿಷಯ ತೀರ್ಮಾನಿಸುವವರು ಹಾಸನದ ಕ್ಯಾನ್ಸರ್ ಡಾಕ್ಟರು, ನಾನಲ್ಲ. ಅವರೊಂದಿಗೆ ಮಾತಾಡಿದ್ದೇನೆ. ಸೋಮವಾರವೇ ಕರೆದುಕೊಂಡು ಹೋಗಿ. ರಕ್ತಪರೀಕ್ಷೆ, ಸ್ಕ್ಯಾನ್ ಮಾಡಿ ಮತ್ತೆ ಶುರು ಮಾಡುವುದನ್ನು ನೋಡುತ್ತಾರೆ. ನಡುವೆ ಬಿಟ್ಟದ್ದು ಒಳ್ಳೆಯದಲ್ಲ. ಆದರೆ ಎಲ್ಲ ಮುಗಿಯಿತು ಎಂದೂ ಅಲ್ಲ. ನನಗಾಗಿ ಕಾಯಬೇಡಿ.

ನವೆಂಬರ್ ಎಂದಿದ್ದೆ. ಬೇಡ. ಯಾವ ದಿನ ಬರಲಿ ಎಂದು ನಿಮ್ಮಕ್ಕನವರನ್ನೇ ಕೇಳಿ. ಆ ದಿನ ಬರುತ್ತೇನೆ.

ಜಿನಶ್ರೀ

*

ಮಲ್ಲಿಪಟ್ಟಣ
೯ ಅಕ್ಟೋಬರ್ ೨೦೨೪

ಡಾಕ್ಟರ್ ಜಿನಶ್ರೀ ಅವರಿಗೆ,

ಮೊನ್ನೆ ಸೋಮವಾರ ಹಾಸನಕ್ಕೆ ಹೋಗಿದ್ದೆವು. ನಾನು ಕರೆದುಕೊಂಡು ಹೋದೆ ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ನಿಮ್ಮ ಕಾಗದವನ್ನು ಅವಳ ಮುಂದೆ ಒಡೆದು ಓದಿದೆ. ಅವಳು ಚಪ್ಪಲಿ ಮೆಟ್ಟಿಕೊಂಡು, "ಬತ್ತೀಯಾ, ಇಲ್ಲೇ ಕೂತಿರ್ತೀಯಾ?" ಅಂದಳು. ಹಿಂದೆ ಹೋದೆ.

ಸ್ಕ್ಯಾನಿನಲ್ಲಿ ಸದ್ಯಕ್ಕೆ ಹರಡಿದ್ದು ಏನೂ ಕಾಣಿಸುತ್ತಿಲ್ಲ ಅಂದರು ಡಾಕ್ಟರು. ಗಲಾಟೆಯಲ್ಲಿ ಅಕ್ಕನಿಗೆ ಸರಿಯಾಗಿ ಕೇಳಲಿಲ್ಲ; ನನ್ನ ಕಡೆ ತಿರುಗಿದಳು. ಆ "ಸದ್ಯಕ್ಕೆ"ಯನ್ನು ನುಂಗದೆ ಹೇಳಿದೆ. ಅವಳು ನನ್ನ ಬಾಯಿ ನೋಡಲಿಲ್ಲ, ಕಣ್ಣು ನೋಡಿದಳು. ಆಮೇಲೆ ಮಾನ್ಯ ಅವರನ್ನೂ ಕರೆದು ಇದೇ ಮಾತನ್ನು ಇನ್ನೊಮ್ಮೆ ಕೇಳಿ ತಾಳೆ ನೋಡಿಕೊಂಡಳು. ಇನ್ನು ಮೇಲೆ ಹೀಗೇ ಅಂತೆ. ನಾನು ಓದಿದ್ದನ್ನು ಇನ್ನೊಬ್ಬರು ಓದಬೇಕು. ಸಮಿತಿಯ ನಿಯಮಕ್ಕೂ ಇದನ್ನು ಸೇರಿಸಬೇಕು ಅನ್ನುತ್ತಾಳೆ. ಸೇರಿಸುತ್ತೇವೆ.

ಸೂಜಿ ೨೧ರ ಸೋಮವಾರದಿಂದ ಮತ್ತೆ ಶುರು. ಬರುವಾಗ ಬಸ್ಸಿನಲ್ಲಿ ಅಂದಳು: "ಬ್ರೇಕ್ ಇರೋ ಗಾಡಿ ತಂಪಾಡಿಗ್ ನಿಂತ್ಕತದೆ. ಇಲ್ದಿರೋದ್ಕೇ ಅಲ್ವೇನ್ಲಾ ಚಕ್ರದಡೀಲಿ ಕಲ್ ಮಡಗೋದು? ಮೊದ್ಲೇ ಏಳಿದ್ರೆ ಕಲ್ ತಗೀತಿರ್ಲಿಲ್ಲ." ನಾನು ಕಿಟಕಿಯ ಕಡೆ ತಿರುಗಿದೆ. "ಅಳ್ಬ್ಯಾಡ, ಕಂಡಕ್ಟರ್ ನೋಡ್ತಾವ್ನೆ" ಅಂದಳು.

ನೀವು ಬರುವ ದಿನವನ್ನು ಅವಳೇ ಗೊತ್ತು ಮಾಡಿದ್ದಾಳೆ. ಜೊತೆಗೆ ಅವಳ ಷರತ್ತುಗಳು. ಸಭೆಯಲ್ಲಿ ಮೊದಲು ನಾನು ಎದ್ದು ನಿಂತು, ಅವತ್ತು ಓದಿದ್ದು ಸುಳ್ಳು ಅಂತ ಹೇಳಬೇಕು. ಎಲ್ಲರ ಮುಂದೆ ಓದಿದ ಸುಳ್ಳನ್ನು ಎಲ್ಲರ ಮುಂದೆಯೇ ವಾಪಸ್ ತೆಗೆದುಕೊಳ್ಳಬೇಕು. ಚಂದ್ರಮೌಳಿ ಏನನ್ನುತ್ತಾನೋ, ಈಶ್ವರಯ್ಯ ಏನನ್ನುತ್ತಾರೋ, ಕೇಳಿಸಿಕೊಳ್ಳಬೇಕು. ಸಂಚಾಲಕನಾಗಿ ನಾನು ಉಳಿಯಬೇಕೋ ಬೇಡವೋ ಅನ್ನುವುದನ್ನು ಸಭೆ ತೀರ್ಮಾನಿಸುತ್ತದೆ. ಆಮೇಲೆ ಆಗಸ್ಟಿನ ಕಾಗದವನ್ನು ನೀವು, ಬರೆದವರೇ, ಅವಳ ಎದುರು ಕೂತು ಪೂರ್ತಿ ಓದಬೇಕು. ಅವರವರ ಫಲಿತಾಂಶ ಬೇಕಾದವರು ಒಬ್ಬೊಬ್ಬರೇ ಪಕ್ಕದ ಕೋಣೆಗೆ ಬಂದು ನಿಮ್ಮಿಂದ ಕೇಳಿಕೊಳ್ಳುತ್ತಾರೆ. ಬೇಡವಾದವರು ಹೊರಗೇ ಕೂತಿರುತ್ತಾರೆ. ಬೇಡ ಅನ್ನುವವರನ್ನು ಯಾರೂ ಹೇಡಿ ಅನ್ನಕೂಡದು. ಇದು ಅವಳ ಮಾತು. ಇಷ್ಟು ವರ್ಷ ಚಳವಳಿಯಲ್ಲಿದ್ದ ನನಗೆ ಹೊಳೆದಿರಲಿಲ್ಲ.

ಅಡುಗೆ ಅವಳದೇ. ಗೇಟಿನ ಮುಂದೆ ಹೂಡಬೇಕಿದ್ದ ಒಲೆಯನ್ನು ಸಭೆಯ ಹಿತ್ತಲಲ್ಲಿ ಹೂಡುತ್ತಾಳೆ. ನೀವು ಜೈನರಾದ್ದರಿಂದ ಈರುಳ್ಳಿ ತಿನ್ನುತ್ತೀರೋ ಇಲ್ಲವೋ ಅಂತ ಕೇಳಿ ಬರೆಯಲು ಹೇಳಿದ್ದಾಳೆ. ಉತ್ತರ ಬರೆಯಿರಿ; ಅದನ್ನೂ ಇಬ್ಬರು ಓದುತ್ತೇವೆ.

ಸಭೆ ಅಕ್ಟೋಬರ್ ೨೦, ಭಾನುವಾರ. ಅರಕಲಗೂಡು, ಸಂತೆ ಮೈದಾನದ ಪಕ್ಕ, ನಮ್ಮ ರೈತಸಂಘದ ಕೋಣೆ. ಬೆಳಿಗ್ಗೆ ಹನ್ನೊಂದು ಗಂಟೆ.

ಪುಟ್ಟರಾಜು